ಮೂರು ಕೊಪೆಕ್

ನಗುವನ್ನು ಎಣಿಸುವುದು ನನ್ನ ಕೆಲಸ.
ಅಲ್ಮಾತಿಯ ವಿಶ್ವವಿದ್ಯಾಲಯ ಅದಕ್ಕೆಂದೇ
ತಿಂಗಳಿಗಿಷ್ಟು ಅಂತ ಕೊಡುತ್ತದೆ, ಸಾಲುವುದಿಲ್ಲ.
ಫೋನಿನಲ್ಲಿ ನಗಬೇಕಾದರೆ ನಮ್ಮ ಕಡೆಯವರು
ಹಳದಿ ಮುಖ ಹುಡುಕುತ್ತಾ ಕೂರುವುದಿಲ್ಲ.
ವಾಕ್ಯದ ಕೊನೆಗೊಂದು ಆವರಣ ಚಿಹ್ನೆ,
ಮುಚ್ಚುವುದು ಮಾತ್ರ:
ಕಣ್ಣಿಲ್ಲದ ಬರೀ ತುಟಿ.
ಒಂದಾದರೆ ಮರ್ಯಾದೆ,
ಮೂರಾದರೆ ಸಲುಗೆ,
ಏಳೆಂಟು ಕಂಡರೆ ಏನೋ ಬಚ್ಚಿಡುತ್ತಿದ್ದಾರೆ.
ಎರಡು ಲಕ್ಷ ಹದಿನಾಲ್ಕು ಸಾವಿರ ಸಂದೇಶ,
ತೆರೆಯದೆಯೇ ಮುಚ್ಚಿದ ಆವರಣಗಳು.
ಮೂರನೇ ಅಧ್ಯಾಯ ಅಲ್ಲೇ ನಿಂತಿದೆ.

ಅದಕ್ಕೇ ರೈಲು ಹತ್ತಿದೆ.
ಮೇಲಿನ ಬರ್ತು, ಬಾಗಿಲ ಪಕ್ಕದ್ದು.
ಕಾಲು ಚಾಚಿದರೆ
ಬಿಸಿನೀರಿಗೆ ಹೋಗುವವರ ಹೆಗಲಿಗೆ ತಾಗುತ್ತದೆ.

ಕಿಜಿಲೊರ್ದಾ ದಾಟಿದ ಮೇಲೆ ಸಿಗ್ನಲ್ಲು ಸತ್ತಿತು.
ನಕ್ಷೆಯಲ್ಲಿ ನಾನೆಂಬ ನೀಲಿ ಚುಕ್ಕಿ
ಹಿಂದಿನ ಸ್ಟೇಶನ್ನಿನಲ್ಲೇ ಹಠಹಿಡಿದು ಕೂತಿತು.
ನಾನು ಬಂದೆ, ಅದು ಬರಲಿಲ್ಲ.
ಕಿಟಕಿಯಾಚೆ ಬಯಲು, ಬೇಲಿಯೇ ಇಲ್ಲ.
ಒಂಟೆಯೊಂದು ತಲೆಯೆತ್ತಿ ನಮ್ಮನ್ನು ನೋಡಿತು.
ಇಷ್ಟವಾದೆವೋ ಇಲ್ಲವೋ
ತಿಳಿಸಲಿಲ್ಲ.

ತೈಲಬಾವಿಯ ಪಾಳಿ ಮುಗಿಸಿದ ಬೆಕ್ಜಾತ್
ಉಳಿಸಿಟ್ಟುಕೊಂಡಿದ್ದ ಒಂದೇ ಒಂದು ವೀಡಿಯೋವನ್ನು
(ಬೆಕ್ಕು, ಫ್ರಿಜ್ಜಿನ ಮೇಲಿಂದ)
ಬೋಗಿಯುದ್ದಕ್ಕೂ ತೋರಿಸಿಕೊಂಡು ಬಂದ.
ಹನ್ನೊಂದು ಜನ ನಕ್ಕರು.
ಎಣಿಸಿದೆ. ಚಾಳಿ.

ಕೆಳ ಬರ್ತಿನ ಬಾಟಿಮಾ ಆಪಾ ಚಹಾಕ್ಕೆ ಕರೆದಳು.
ಹಾಲು ಮೊದಲು, ಬಟ್ಟಲು ಅರ್ಧವೇ.
ಅರ್ಧ ಕೊಟ್ಟರೆ ಇನ್ನೂ ಕೂತಿರು ಅಂತ,
ತುಂಬಿ ಕೊಟ್ಟರೆ ಎದ್ದು ಹೋಗು ಅಂತ.
ಇದಕ್ಕೆ ಯಾವ ಚಿಹ್ನೆಯೂ ಬೇಕಿಲ್ಲ, ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ಏನು ಓದುತ್ತೀ ಅಂದಳು. ಹೇಳಿದೆ.
ಚಹಾ ಚೆಲ್ಲುವಷ್ಟು ನಕ್ಕಳು.
‘ನಾನೂ ಎಣಿಸುವವಳೇ ಕಣೇ,
ಅರಾಲ್ಸ್ಕ್ ತಂತಿ ಆಫೀಸಿನಲ್ಲಿ, ಇಪ್ಪತ್ತೆರಡು ವರ್ಷ.
ಪದಕ್ಕೆ ಮೂರು ಕೊಪೆಕ್.
ದುಡ್ಡು ಸಾಲದವರು ಮೊದಲು ಹೊಡೆದುಹಾಕುತ್ತಿದ್ದದ್ದು
ಪ್ರೀತಿಯ ಅನ್ನುವುದನ್ನು.’

ನಗುವನ್ನು ಹೇಗೆ ಕಳಿಸುತ್ತಿದ್ದರು?

ಸುಮ್ಮನೆ ಸಕ್ಕರೆ ಮುರಿದಳು.
ಆಮೇಲೆ ತುಲೆಗೆನ್ ಎಂಬುವನ ಮಾತು ತೆಗೆದಳು.
ಸಮುದ್ರ ದಡ ಬಿಟ್ಟು ಹೋದ ಮೇಲೆ
ಬಲೆ ಮಡಿಸಿಟ್ಟು ಬಾಲ್ಟಿಕ್ ಕಡೆಗೆ
ದುಡಿಯಲು ಹೋದವರಲ್ಲಿ ಅವನೊಬ್ಬ.
ತಿಂಗಳಿಗೊಂದು ತಂತಿ: ನೀರು ಬಂತಾ.
ಹೆಂಡತಿ ರಬಿಗಾ ಕೌಂಟರಿಗೆ ಬರುವಳು,
ಕೈಗವಸು ಕಳಚಿ ಉತ್ತರ ಬರೆಯುವಳು: ಇಲ್ಲ.
ಎಣಿಸುವುದಕ್ಕೇನಿದೆ, ಒಂದೇ ಪದ.
ನಾಲ್ಕು ವರ್ಷ.

‘ಒಂದು ಡಿಸೆಂಬರು, ಸಾಹೇಬರು ಊಟಕ್ಕೆ ಹೋಗಿದ್ದಾಗ
ಅವಳ ಪದದ ಹಿಂದೆ ನಾನೇ ಒಂದು ಪದ ಕೂರಿಸಿದೆ.
ಇನ್ನೂ ಇಲ್ಲ, ಅಂತ ಹೋಯಿತು.
ಆ ಇನ್ನೂ ಅನ್ನುವುದಕ್ಕೆ
ಮೂರು ಕೊಪೆಕ್, ನನ್ನ ಕೋಟಿನ ಜೇಬಿನಿಂದ.
ಸಿಕ್ಕಿಬಿದ್ದಿದ್ದರೆ ಕೆಲಸ ಹೋಗುತ್ತಿತ್ತು.’

ಅವನು ವಾಪಸು ಬಂದನಾ?

‘ಅದು ನನ್ನ ಖಾತೆಯ ಲೆಕ್ಕವಲ್ಲ’
ಅನ್ನುತ್ತಾ ನನ್ನ ಬಟ್ಟಲನ್ನು
ಅಂಚಿನವರೆಗೆ ತುಂಬಿದಳು.

ಮೇಲೆ ಹತ್ತಿ ಮಲಗಿದೆ, ನಿದ್ದೆಯಿಲ್ಲ.
ಎರಡು ಲಕ್ಷ ಹದಿನಾಲ್ಕು ಸಾವಿರದಲ್ಲಿ
ಜೇಬಿನಿಂದ ಕೊಟ್ಟವು ಎಷ್ಟು?
ಪ್ರೋಗ್ರಾಮಿನಲ್ಲಿ ಅದಕ್ಕೊಂದು ಕಾಲಮ್ಮಿಲ್ಲ.

ಕಜಾಲಿಯಲ್ಲಿ ಫೋನು ಜೀವ ಬಂದು ನಡುಗಿತು.
ಮುನ್ನೂರು ಚಿಲ್ಲರೆ ಕಿಲೋಮೀಟರನ್ನು
ಒಂದೇ ನೆಗೆತಕ್ಕೆ ದಾಟಿದ ನೀಲಿ ಚುಕ್ಕಿ
ಏನೂ ಆಗದವರ ಹಾಗೆ ಪಕ್ಕ ಬಂದು ಕೂತಿತು.
ನಲವತ್ತಾರು ಸಂದೇಶ. ಮೇಲ್ಗಡೆ ಗೈಡು ಮೈರಾ ಮೇಡಂ:
ಅಧ್ಯಾಯ ಆಯಿತಾ.
ಕೊನೆಗೆ ಆವರಣವಿಲ್ಲ.
ನನ್ನ ಕೋಷ್ಟಕದ ಪ್ರಕಾರ ಇದು ಸಿಟ್ಟು.
‘ಇಲ್ಲ’ ಎಂದು ಒತ್ತಿದೆ.
ಹೆಬ್ಬೆರಳು ಹಿಂದಕ್ಕೆ ಸರಿಸಿ
ಪದದ ಮೊದಲಿಗೆ ಹೋಗಿ ನಿಂತೆ.
ಅಲ್ಲಿ ಗೆರೆಯೊಂದು ಮಿಣುಕುತ್ತಿತ್ತು.

ಪ್ಲಾಟ್‌ಫಾರ್ಮಿನ ಕತ್ತಲಲ್ಲಿ ಹೊಗೆ ಹಾಕಿದ ಮೀನು,
ಮೀನು, ಎಂದು ಕೂಗು.
ಬಾಟಿಮಾ ಆಪಾ ನನ್ನ ಕೋಷ್ಟಕದ ಒಂದು ಹಾಳೆ
ಕೇಳಿ ಇಸಿದುಕೊಂಡು ಇಳಿದಳು,
ಸುತ್ತಿಕೊಂಡು ಬರಲು.
ಮೀನು ಯಾವ ನೀರಿನದೆಂದು ಕೇಳಲಿಲ್ಲ.
ಎಣ್ಣೆ ಹೀರಿದ ಕಾಗದದ ಮೇಲೆ
ಆವರಣಗಳೆಲ್ಲ ನಿಧಾನಕ್ಕೆ ಒದ್ದೆಯಾಗಿ
ಒಳಗಿನ ಹುರುಪೆ ಕಾಣತೊಡಗಿತು.