ಶಿರವಾಡ ಸ್ಟೇಷನ್ನಿನಲ್ಲಿ ನಲವತ್ತು ನಿಮಿಷ

ರೈಲು ತಡವಂತೆ, ಸಂಪದಾ. ಒಳ್ಳೆಯದೇ ಆಯಿತು.
ಬ್ಯಾಗು ಇಳಿಸು, ಜಿಪ್ ತೆಗೆ, ನೋಡುವ.

ಇದೇನು, ಇನ್ನೂರು ಪೆನ್ನು? ಬಲೂನು ಬೇರೆ?
ಒಂದೆರಡು ಇಟ್ಟುಕೋ, ಉಳಿದದ್ದು ಇತ್ತ ಕೊಡು.
ಪೆನ್ನು ಹಂಚುವವಳ ಹಿಂದೆ ಮಕ್ಕಳು ಓಡುತ್ತವೆ,
ಅವಳ ಹೆಸರು ಕೇಳುವುದಿಲ್ಲ.

ನನಗೆ ಏಳು ವರ್ಷವಿದ್ದಾಗ
ಮಾಜಾಳಿಗೆ ಹೆನ್ರಿಕ್ ಬಂದಿದ್ದ,
ಬೆನ್ನು ಸುಟ್ಟು ಬೆಂದ ಸಿಗಡಿಯ ಬಣ್ಣ.
ಮೂರು ತಿಂಗಳು ಬೆವರಿ
ನಮ್ಮ ಕೇರಿಗೆ ಐದು ಪಾಯಖಾನೆ ಕಟ್ಟಿದ,
ಬಾಗಿಲು ಸಮುದ್ರದ ಕಡೆ.
ಬೆಳಕು ಹರಿಯುವಾಗ ದೋಣಿ ಎಳೆಯಲು
ಊರ ಗಂಡಸರೆಲ್ಲ ಅಲ್ಲೇ ನಿಂತಿರುತ್ತಾರೆ;
ಒಬ್ಬ ಹೆಂಗಸನ್ನಾದರೂ ಕೇಳಿದ್ದರೆ ಹೇಳುತ್ತಿದ್ದಳು.
ಇವತ್ತಿಗೂ ಗಟ್ಟಿಯಾಗಿವೆ. ಬಲೆ ಇಡುತ್ತೇವೆ.
ಅವ ಹೊರಟ ದಿನ ಶೇವಂತಿ ಆಯಿ ಅತ್ತಳು,
ಪಾಯಖಾನೆಗಲ್ಲ.
ದಿನಾ ಸಂಜೆ ಅವಳ ಪಕ್ಕ ಕೂತು
ಹರಿದ ಬಲೆಗೆ ತಪ್ಪು ಗಂಟು ಹಾಕಿ
ಬೈಸಿಕೊಳ್ಳುತ್ತಿದ್ದನಲ್ಲ, ಅದಕ್ಕೆ.

ಇಷ್ಟು ಗೊತ್ತಿದ್ದೂ, ಕೇಳು,
ಮಲಾವಿಯಲ್ಲಿ ನಾನು ಮಾಡಿದ್ದೂ ಅದನ್ನೇ.
ಇಪ್ಪತ್ತು ವರ್ಷದ ನರ್ಸು, ಸೊಕ್ಕು ಸಣ್ಣದೇ?
ಗುಡ್ಡದ ಮೇಲಿನ ಊರಲ್ಲಿ ಚಾರ್ಟು ತೂಗುಹಾಕಿ
ಕೈ ತೊಳೆಯುವ ಏಳು ಹಂತ ಕಲಿಸಿದೆ.
ಥೋಕೊಜಾನಿ ಕೊನೆಯತನಕ ಕೂತು ಕೇಳಿದಳು,
ಎದ್ದಳು, ಖಾಲಿ ಬಕೆಟ್ಟು ನನ್ನ ತಲೆಯ ಮೇಲಿಟ್ಟಳು:
"ನಡಿ ಸಿಸ್ಟರ್, ಮೊದಲನೇ ಹಂತ."
ಇಳಿದರೆ ಸರೋವರ, ಹತ್ತಿದರೆ ಊರು.
ಹತ್ತುವಾಗ ಅರ್ಧ ನೀರು ನನ್ನ ಮೈಮೇಲೆ.
ಒಂದು ಲೋಟದಲ್ಲಿ ಆರು ಕೈ ತೊಳೆಯುವುದನ್ನು
ಮರುದಿನ ಅವಳಿಂದ ನಾನು ಕಲಿತೆ.

ಹಾಗಾಗಿ ಮೊದಲ ತಿಂಗಳು ಏನೂ ಮಾಡಬೇಡ ಮಾರಾಯ್ತಿ.
ವರದಿಗೆ ಏನು ಬರೆಯಲಿ ಅಂತೀಯೇನು?
ಅಂಗಳ ಗುಡಿಸಿದೆ ಅಂತ ಬರೆ.
ಮಾತ್ರೆ ತಪ್ಪಿಸಬೇಡ. ಸೊಳ್ಳೆಪರದೆಯ ತೂತು ಆ ದಿನವೇ ಹೊಲಿ.
ಯಾವುದೋ ಮಗುವಿನ ಫೋಟೋ ತೆಗೆಯಬೇಕೆನಿಸಿದರೆ
ನಿನ್ನ ತಮ್ಮ ಜ್ವರದಲ್ಲಿ ಮಲಗಿದ್ದಾಗ
ಕ್ಯಾಮೆರಾ ಹಿಡಿದು ಯಾರೋ ಹೊಸ್ತಿಲಿಗೆ ಬಂದಂತೆ ನೆನಸಿಕೋ;
ನಿನ್ನ ಅವ್ವ ಕಸಬರಿಗೆ ಎತ್ತುತ್ತಿದ್ದಳೋ ಇಲ್ಲವೋ?
ಅಳು ಬಂದರೆ ಒಬ್ಬಳೇ ಅಳು.
ನಿನ್ನನ್ನು ಸಮಾಧಾನ ಮಾಡುವುದು
ಅವರಿಗೆ ಇನ್ನೊಂದು ಕೆಲಸ ಆಗದಿರಲಿ.

ಮತ್ತೆ ಬರುತ್ತೇನೆ ಅಂತ ಮಾತ್ರ ಹೇಳಬೇಡ.
ನಾನು ಹೇಳಿ ಬಂದೆ.
ಹನ್ನೊಂದು ವರ್ಷವಾಯಿತು.

ಸಿಗ್ನಲ್ ಬಿತ್ತು ನೋಡು.
ಈ ಒಣಮೀನಿನ ಪೊಟ್ಟಣ ನನಗೇ ಇರಲಿ,
ಏರ್‌ಪೋರ್ಟಿನಲ್ಲಿ ಎತ್ತಿ ಎಸೆಯುತ್ತಾರೆ.
ಅಲ್ಲಿಯೂ ದಂಡೆಯ ಮೇಲೆ ತಟ್ಟಿ ಹಾಸಿ
ಉಸಿಪಾ ಒಣಗಿಸುತ್ತಾರೆ, ಬೆರಳಿನಷ್ಟು ಮೀನು,
ಬೈತಖೋಲದ್ದೇ ನಾತ.
ಮೂಗಿಗೆ ಬಡಿದೊಡನೆ ಮನೆ ಅನಿಸುತ್ತದೆ.
ಹೌದು, ಮನೆಯೇ.
ಅವರದು. ಚಪ್ಪಲಿ ಹೊರಗೆ ಬಿಡು.