ಟೇಪಿನ ಆ ತುದಿ

ಹೆಡ್ ಕಾನ್‌ಸ್ಟೇಬಲ್ ಹಾಲೇಶಪ್ಪ ಟೇಪಿನ ಈ ತುದಿಯನ್ನು
ಲೈಟು ಕಂಬಕ್ಕೆ ಒತ್ತಿ ಹಿಡಿದರು.
ಆ ತುದಿ ನನ್ನ ಕೈಲಿ.
ಹಿಡ್ಕೊಂಡು ಹೋಗು,
ಮಂಡಕ್ಕಿ ಎಲ್ಲಿ ಮುಗೀತದೋ ಅಲ್ಲಿತನಕ, ಅಂದರು.

ಮಂಡಕ್ಕಿ ಎಲ್ಲೂ ಮುಗಿಯುತ್ತಿರಲಿಲ್ಲ.
ಗಾಳಿ ಅದನ್ನು ಹದಡಿ ರಸ್ತೆಯುದ್ದಕ್ಕೂ ಅಟ್ಟಿಕೊಂಡು ಹೋಗುತ್ತಿತ್ತು,
ಸಿಟಿ ಬಸ್ಸಿನ ಚಕ್ರಕ್ಕೆ ಸಿಕ್ಕಿದ್ದು ಚಟಚಟ ಅನ್ನುತ್ತಿತ್ತು.
ಒಂದಿಷ್ಟು ಮಾತ್ರ ಹಾರಲಿಲ್ಲ,
ಒದ್ದೆಯಾಗಿ ಅಲ್ಲೇ ಕೂತಿತ್ತು.
ಹದಿನಾಲ್ಕು ಅಡಿ ಮೂರಿಂಚು, ಅಂದೆ.
ಬರಕೊಂಡರು.

ನಾನು ಅಂಜಿನಪ್ಪ ಬಿನ್ ದುರುಗಪ್ಪ,
ಪಂಕ್ಚರ್ ಅಂಗಡಿ, ಮೂಲೆಯಲ್ಲೇ.
ಈ ತಿರುವಿನ ಏಳು ಮಹಜರಿಗೆ ಸಹಿ ಹಾಕಿದ್ದೇನೆ.
ಬಲಕ್ಕೆ ಹೊರಳುವಾಗ ಎಲ್ಲರಿಗೂ ಭಯ,
ನಿಂತು, ಎದುರಿನದನ್ನು ನೋಡಿ, ಹಾರ್ನ್ ಹೊಡೆದು, ಕೈ ತೋರಿಸಿ.
ಎಡಕ್ಕೆ ಯಾರೂ ನೋಡುವುದಿಲ್ಲ.
ಕರೆಂಟು ಹೋದಾಗಲೂ ದಾಟಿಬಿಡುವ
ಸ್ವಂತ ಮನೆಯ ಹೊಸ್ತಿಲು ಅದು.

ಬುಡೇನ್‌ಸಾಬನೂ ಅಷ್ಟೇ.
ಭಟ್ಟಿಯಿಂದ ನಲವತ್ತು ಚೀಲ ಹೇರಿಕೊಂಡು
ಅವನ ಗೂಡ್ಸ್ ಆಟೋ ಬಸುರಿ ಎಮ್ಮೆಯ ಹಾಗೆ ಎರಡೂ ಕಡೆ ಉಬ್ಬಿತ್ತು.
ಎಡಗಡೆ ಕನ್ನಡಿಯಲ್ಲಿ ಚೀಲ ಬಿಟ್ಟರೆ ಚೀಲ.
ಎಡಕ್ಕೆ ಹೊರಳುವ ಮುಂಚೆ ಒಂದು ಮಾರು ಬಲಕ್ಕೆ ಸರಿದ.
ಜಾಗ ಬಿಟ್ಟಿತು.
ಆ ಜಾಗದೊಳಕ್ಕೆ ಲ್ಯಾಬಿನ ಪುಷ್ಪಲತಾ,
ಸ್ಕೂಟಿಯ ಮುಂದೆ ಸೀಸೆಗಳ ಡಬ್ಬಿ,
ಬೇರೆಯವರ ರಕ್ತ, ಹೆಸರು ಬರೆದು ಅಂಟಿಸಿದ್ದು.
ಡಬ್ಬಿಗೆ ಏನೂ ಆಗಲಿಲ್ಲ.

ಎರಡು ವರ್ಷ ಒಂಬತ್ತು ತಿಂಗಳಿಗೆ ಕೋರ್ಟು ಕರೆಯಿತು.
ಅವಳು ಬಂದಿದ್ದಳು. ಬಲಗಾಲು ಮೊದಲು,
ಎಡಗಾಲು ಯೋಚನೆ ಮಾಡಿ ಆಮೇಲೆ.
ವಿಮೆಯ ವಕೀಲರು: ಎಡಗಡೆಯಿಂದ ನುಗ್ಗಿದ್ದು ಯಾರು?
ಅವಳ ವಕೀಲರು: ಇಂಡಿಕೇಟರ್ ಹಾಕದೆ ತಿರುಗಿದ್ದು ಯಾರು?
ಹಾಕಿದ್ದೆ ಸ್ವಾಮಿ, ಅಂದ ಬುಡೇನ್‌ಸಾಬ್.
ಮಿಣುಕಿರಬಹುದು,
ಚೀಲದ ಹಿಂದೆ, ಅವನ ಅಲ್ಲಾನಿಗೆ ಮಾತ್ರ ಕಾಣುವಂತೆ.
ಸರಿ, ಮೊದಲು ಬಲಕ್ಕೆ ಯಾಕೆ ಎಳೆದೆ?
ತಡವರಿಸಿದ. ಅಲ್ಲೇನೋ ಅಡ್ಡ ಇತ್ತು.
ನಕ್ಷೆ ಬಿಚ್ಚಿದರು.
ಕಂಬ ಇದೆ, ಚರಂಡಿ ಇದೆ, ಬೇವಿನ ಮರ ಇದೆ,
ಬಾಣ ಬರೆದು ಉತ್ತರ ದಿಕ್ಕನ್ನೂ ತೋರಿಸಿದೆ.
ಅಡ್ಡ ಏನೂ ಇಲ್ಲ.
ನನ್ನ ಕಡೆ ತಿರುಗಿದರು. ನಕ್ಷೆ ಸರಿ ಇದೆಯೇ?
ಅಳೆದದ್ದೆಲ್ಲ ಸರಿ ಇದೆ, ಅಂದೆ.

ಸುಳ್ಳಲ್ಲ.

ಲಾರಿ ಟೈರು ಆರು, ಒಂದರ ಮೇಲೊಂದು.
ಮೇಲಿನದರ ಮೇಲೆ ಬಿಳಿ ಬಣ್ಣದಲ್ಲಿ ಪಂಕ್ಚರ್ ಅಂತ
ನಾನೇ ಬರೆದದ್ದು.
ದೂರಕ್ಕೆ ಕಾಣಲಿ ಎಂದು ತಿಂಗಳಿಗೊಂದು ಗೇಣು
ರಸ್ತೆಯ ಕಡೆಗೆ ಸರಿಸುತ್ತ ಬಂದದ್ದೂ ನಾನೇ.
ಆಂಬುಲೆನ್ಸ್ ಹೋದ ಮೇಲೆ, ಜೀಪು ಬರುವ ಮುಂಚೆ,
ಒಂದೊಂದಾಗಿ ಉರುಳಿಸಿಕೊಂಡು ಹೋಗಿ ಒಳಗಿಟ್ಟೆ.
ಟೈರು ಉರುಳಿಸುವುದು ಮಕ್ಕಳಾಟ, ಸದ್ದು ಕೂಡ ಇಲ್ಲ.
ಕೊನೆಯದನ್ನು ಗೋಡೆಗೆ ಒರಗಿಸುವಾಗ
ಅದರ ಹೊಟ್ಟೆಯೊಳಗಿಂದ ಒಂದು ಬೊಗಸೆ ಮಂಡಕ್ಕಿ
ಕಾಲ ಮೇಲೆ ಸುರಿಯಿತು.
ಯಾಕೋ ಆಯ್ದು ಬಾಯಿಗೆ ಹಾಕಿಕೊಂಡೆ.
ಇನ್ನೂ ಬಿಸಿ ಇತ್ತು.

ತೀರ್ಪು ಬಂತು. ಚಾಲಕನ ತಪ್ಪು ಎಪ್ಪತ್ತು, ಅವಳದು ಮೂವತ್ತು.
ಕೂಡಿಸಿದೆ. ಬೆರಳು ಮಡಚಿ ಇನ್ನೊಮ್ಮೆ ಕೂಡಿಸಿದೆ.
ನೂರಕ್ಕೆ ಸರಿಯಾಗಿ ತುಂಬಿಬಿಟ್ಟಿತ್ತು,
ನನ್ನದನ್ನು ಇಡಲು ಒಂದು ಬೆರಳಗಲ ಜಾಗ ಇರಲಿಲ್ಲ.

ಮೊನ್ನೆ ಗಾಳಿ ಹಾಕಿಸಲು ಬಂದಿದ್ದಳು.
ಹಿಂದಕ್ಕೆ ಎರಡು ಪುಟ್ಟ ಚಕ್ರ ಕೂಡಿಸಿದ ಹೊಸ ಸ್ಕೂಟಿ.
ನಾಲ್ಕಕ್ಕೂ ಹಾಕಿದೆ, ಬಗ್ಗಿದವನು ಏಳದೆ.
ಎಷ್ಟಾಯ್ತಣ್ಣಾ, ಅಂದಳು.
ಗೇಜಿನ ಮುಳ್ಳು ನಿಂತು ಎಷ್ಟೋ ಹೊತ್ತಾಗಿತ್ತು,
ನಾನಿನ್ನೂ ಅದನ್ನೇ ನೋಡುತ್ತಿದ್ದೆ.