ಗುರುತು ಪಟ್ಟಿಯಲ್ಲಿ ಇಲ್ಲದ್ದು

ಬೆಂಡಿಗೊ ಲೈಬ್ರರಿಯ ಹಿಂಬದಿ ಕೋಣೆ,
ಗುರುವಾರ, ಹತ್ತರಿಂದ ಹನ್ನೆರಡು.
ಕೊರಳಿಗೆ ಸ್ವಯಂಸೇವಕಿಯ ಬಿಲ್ಲೆ ತಗುಲಿಸಿಕೊಂಡು
ನಾನು ಕಲಿಸುವುದು ಇಷ್ಟೇ:
ಚೌಕ ಎಂದರೆ ಗಂಡು, ಉರುಟು ಎಂದರೆ ಹೆಣ್ಣು,
ನಕ್ಷತ್ರ ಹುಟ್ಟು, ಪುಟ್ಟ ಶಿಲುಬೆ ಸಾವು.
ಜೋಡಿಗೆರೆ ಮದುವೆ; ಅದಕ್ಕೊಂದು ಓರೆಗೀಟು ಬಿದ್ದರೆ
ಮುರಿದ ಮದುವೆ.
ಬೂದು ಬಣ್ಣದವರು ಇನ್ನೂ ಬದುಕಿದ್ದಾರೆ,
ಅವರ ಹೆಸರು ತೋರಿಸುವುದಿಲ್ಲ.
ಬದುಕಿರುವವರೇ ಬೂದು ಯಾಕೆ, ಎಂದು
ವಾರಕ್ಕೊಬ್ಬರಾದರೂ ಕೇಳುತ್ತಾರೆ.
ಸಾಫ್ಟ್‌ವೇರ್ ಮಾಡಿದವಳು ನಾನಲ್ಲವಲ್ಲ ಅನ್ನುತ್ತೇನೆ.

ವರ್ನಾ ಟ್ರೆಜೈಸ್, ಎಂಬತ್ತೊಂದು.
ಬಿಸ್ಕತ್ತಿನ ತಗಡು ಡಬ್ಬಿ ತುಂಬ ಹಳೇ ಕಾಗದ ತಂದಿದ್ದರು.
ಈಸ್ಟರ್‌ಗೆ ಬಳಗವೆಲ್ಲ ಸೇರುತ್ತದಂತೆ,
ಗೋಡೆಗೆ ಅಂಟಿಸಲು ಮರ ಬೇಕು.
ಮೆಟ್ಟಿಲು ಮೆಟ್ಟಿಲಾಗಿ ಇಳಿದೆವು:
ಕಾರ್ನ್‌ವಾಲಿನ ತವರದ ಗಣಿ ಬಿಟ್ಟು ಬಂದವರು,
ಇಲ್ಲಿನ ಕಲ್ಲುಪುಡಿ ಎದೆಗೆ ಕಟ್ಟಿ ಹೋದವರು,
ಶಿಲುಬೆ, ಶಿಲುಬೆ, ನಲವತ್ತು ದಾಟದ ಶಿಲುಬೆ.

ಮೂರನೆಯ ಸಾಲಿನ ತುದಿಗೆ ಒಬ್ಬ ಹೆಡ್ಲಿ.
ನಕ್ಷತ್ರದ ಪಕ್ಕ ಈಗಲ್‌ಹಾಕ್.
ಶಿಲುಬೆಯ ಪಕ್ಕದ್ದನ್ನು ವರ್ನಾ ತಡವರಿಸಿ ಓದಿದರು,
ಊರ್... ಗಾಮ್?
ಊರಿಗಾಂ, ಎಂದು ನನ್ನ ಬಾಯಿ ತಾನೇ ತಿದ್ದಿತು.
ಬಂಗಾರಪೇಟೆಯಲ್ಲಿ ಇಳಿದು ಸಣ್ಣ ರೈಲು ಹಿಡಿದರೆ
ಮೂರೋ ನಾಲ್ಕೋ ಸ್ಟೇಷನ್.
ನಮ್ಮ ತಾತ ದೀಪ ಹಿಡಿದು ಇಳಿದ ಬಾವಿ ಅಲ್ಲೇ;
ಬಾವಿಯ ಬಾಯಲ್ಲಿ ನಿಂತು ಹಾಜರಿ ಕೂಗಿದವರು
ಇಂಥದೇ ಹೆಸರಿನವರು ಇದ್ದಿರಬೇಕು.
ಅದನ್ನು ಹೇಳಲಿಲ್ಲ. ಮೌಸ್ ಸರಿಸಿದೆ.

ಹೆಡ್ಲಿಯಿಂದ ಆಚೆಗೆ ಚುಕ್ಕಿಗೆರೆ.
ಚುಕ್ಕಿಗೆರೆ ಎಂದರೆ?
ಮದುವೆಯ ದಾಖಲೆ ಇಲ್ಲ.
ಕೆಳಗೆ ಮಗಳು ಗ್ರೇಸ್. ಆರನೇ ವಯಸ್ಸಿಗೆ
ಹಡಗಿನಲ್ಲಿ ಒಬ್ಬಳೇ ಬಂದವಳು, ಸೋದರತ್ತೆ ಸಾಕಿದವಳು,
ವರ್ನಾರ ಅಜ್ಜಿ.
ಗೆರೆಯ ಆ ತುದಿಗೆ ಒಂದು ಉರುಟು.
ಒಳಗೆ ಹೆಸರಿಲ್ಲ, ನಕ್ಷತ್ರವಿಲ್ಲ, ಶಿಲುಬೆ ಕೂಡ ಇಲ್ಲ.

"ಇದನ್ನು ತೆಗೆಯಲು ಬರುತ್ತದಾ?
ಗೋಡೆಗೆ ತೂತು ಬಿದ್ದ ಹಾಗೆ ಕಾಣುತ್ತದೆ."

ಬರುತ್ತದೆ. ಎರಡು ಸಲ ಒತ್ತಿದರೆ ಮುಗಿಯಿತು.
ಆಮೇಲೆ ಗ್ರೇಸಳನ್ನು ಹೆಡ್ಲಿಯೊಬ್ಬನೇ ಹೆತ್ತ ಹಾಗೆ.

ಗುರುತು ಪಟ್ಟಿಯ ಅಂಚಿನಲ್ಲಿ ಪೆನ್ಸಿಲ್ಲಿಂದ ಬರೆದೆ: ವಂಶ.
ನಡುವಿನ ಈ ಉರುಟು ನೋಡಿ, ನಾವಿದನ್ನು ಸೊನ್ನೆ ಅನ್ನುತ್ತೇವೆ.
ಲೆಕ್ಕದಲ್ಲಿ ಏನೂ ಅಲ್ಲ.
ಅಕ್ಷರದ ಮಗ್ಗುಲಿಗೆ ಕೂತರೆ ಮೂಗಿನಲ್ಲಿ ಮಿಡಿಯುತ್ತದೆ.
ತನ್ನದೊಂದು ದನಿ ಇಲ್ಲ ಇದಕ್ಕೆ,
ಮುಂದೆ ಬರುವ ಅಕ್ಷರ ನೋಡಿಕೊಂಡು ದನಿ ತಾಳುತ್ತದೆ.
ತಂದೆಯಲ್ಲಿದೆ, ಕಂದನಲ್ಲಿದೆ,
ಸಂಬಂಧದಲ್ಲಿ ಎರಡು ಸಲ.
ಇದನ್ನು ಅಳಿಸಿದರೆ, ಎಂದು ರಬ್ಬರು ಉಜ್ಜಿದೆ.
ನಡುವೆ ತೆರಪು, ಅತ್ತಿತ್ತ ಎರಡಕ್ಷರ: ವ ಶ.
ಹಾಗೆಂದರೇನು?
ಒಬ್ಬರ ಕೈಗೆ ಸಿಕ್ಕಿದ್ದು, ಎಂದೆ. ಹಿಡಿದುಕೊಂಡದ್ದು.
ಗಣಿಯ ಹಾಗೆ.

ಹೀಟರು ಟಕ್ಕೆಂದು ಆರಿ ಮತ್ತೆ ಹೊತ್ತಿತು.
ವರ್ನಾ ಡಬ್ಬಿಯ ಮುಚ್ಚಳವನ್ನೇ ಒರೆಸುತ್ತಿದ್ದರು.
"ಅಜ್ಜಿ ನೆಲದ ಮೇಲೆ ಕೂತೇ ಬಟಾಣಿ ಸುಲಿಯುತ್ತಿದ್ದಳು,
ಕಾಲು ಮಡಚಿಕೊಂಡು.
ಕುರ್ಚಿ ಕೊಟ್ಟರೂ."

ಆರು ಹಾಳೆ, ಹಾಳೆಗೆ ಇಪ್ಪತ್ತು ಸೆಂಟ್.
ಟೇಪು ಹಚ್ಚಿ ಕೂಡಿಸುವಾಗ ಆ ಉರುಟು
ಸರಿಯಾಗಿ ಎರಡು ಹಾಳೆಯ ಸಂದಿಗೇ ಬಂದಿತ್ತು,
ಅರ್ಧ ಇತ್ತ, ಅರ್ಧ ಅತ್ತ.
ವರ್ನಾ ಕನ್ನಡಕ ಏರಿಸಿ, ಸರಿಸಿ, ಮತ್ತೆ ಸರಿಸಿ,
ಉಗುರಿನಿಂದ ತೀಡಿ ತೀಡಿ ಸುತ್ತು ಕೂಡಿಸಿದರು.
ನಾನು ಮಡಚಿಕೊಡಲು ಹೋದರೆ ಕೈ ಹಿಡಿದರು.
"ಅಲ್ಲಿ ಬೇಡ.
ಮಡಿಕೆ ಬೇರೆಲ್ಲಾದರೂ ಬೀಳಲಿ."